ಸಪ್ತಾಪುರದಲ್ಲಿ ಐಡಿಯಲಿಸಂ ಪಾಠ

ಧಾರವಾಡದ ಸಪ್ತಾಪುರದಲ್ಲಿ ಯುಪಿಎಸ್‌ಸಿಗೆ ಓದುವ ಹುಡುಗ ಹುಡುಗಿಯರಿಗೆ ನಾನು ತತ್ವಶಾಸ್ತ್ರದ ಆಪ್ಷನಲ್ ಹೇಳಿಕೊಡುತ್ತೇನೆ. ಐಡಿಯಲಿಸಂ, ಅಂದರೆ ಇರುವುದೆಲ್ಲ ಅರಿವನ್ನೇ ಅವಲಂಬಿಸಿದೆ ಎನ್ನುವ ವಾದ, ಬಂದಾಗ ವ್ಯಾಖ್ಯೆ ಬರೆಸುವುದಿಲ್ಲ. ಮೂರು ಬೋಗುಣಿ ನೀರು ತರಿಸುತ್ತೇನೆ. ಒಂದರಲ್ಲಿ ಬಿಸಿ, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನದು. ಯಾರಾದರೂ ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ನಡುವಿನದರಲ್ಲಿ ಮುಳುಗಿಸಬೇಕು. ನೀರು ಒಂದೇ, ಆದರೆ ಒಂದು ಕೈಗೆ ತಂಪು, ಇನ್ನೊಂದಕ್ಕೆ ಬಿಸಿ. ಹಾಗಾದರೆ ಬಿಸಿ ಎಲ್ಲಿದೆ? ಐರಿಷ್ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ತನ್ನ 1713ರ ಸಂವಾದಗಳಲ್ಲಿ ಕೇಳುವುದು ಇದನ್ನೇ.

"ಥರ್ಮಾಮೀಟರ್ ಇಡ್ರಿ ಸರ್, ಗೊತ್ತಾಗ್ತದ" ಅಂತ ಒಬ್ಬರಾದರೂ ಹೇಳುತ್ತಾರೆ. ಒಳ್ಳೆಯ ಆಕ್ಷೇಪ. ಆದರೆ ಅದರ ಗೆರೆಯನ್ನೂ ಕಣ್ಣಿನಿಂದಲೇ ನೋಡಬೇಕು, ಅಲ್ವಾ? ಬಣ್ಣ, ರುಚಿ, ಆಕಾರ ಎಲ್ಲವನ್ನೂ ಹೀಗೆ ಕೇಳುತ್ತಾ ಹೋಗುತ್ತೇವೆ. ಯಾರ ಅರಿವಿಗೂ ಬಾರದ ವಸ್ತು ಎಂದರೆ ಏನು ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಬರ್ಕ್ಲಿ ಮೇಜು ಇಲ್ಲ ಅನ್ನುವುದಿಲ್ಲ. ಅದು ಇರುವುದೆಂದರೆ ಅರಿವಿಗೆ ಬರುವುದು ಅನ್ನುತ್ತಾನೆ. ನಾವು ಯಾರೂ ನೋಡದಾಗ ದೇವರ ಅರಿವಿನಲ್ಲಿ ಅದು ಇರುತ್ತದೆ.

ಈ ಹೊತ್ತಿಗೆ ತಪ್ಪದೆ ಬರುವ ಮಾತು: "ಇದನ್ನ ನಮ್ಮ ಶಂಕರಾಚಾರ್ಯರು ಮೊದಲ ಹೇಳ್ಯಾರಲ್ರಿ, ಜಗತ್ತು ಮಿಥ್ಯಾ ಅಂತ?"

ಆಗ ಬರ್ಕ್ಲಿಯನ್ನು ಬದಿಗಿಟ್ಟು ಶಂಕರರ ಬ್ರಹ್ಮಸೂತ್ರ ಭಾಷ್ಯ ತೆರೆಯುತ್ತೇನೆ. ಎರಡನೇ ಅಧ್ಯಾಯ, ಎರಡನೇ ಪಾದ, 28ನೇ ಸೂತ್ರ. ಹೊರಗೆ ವಸ್ತುವೇ ಇಲ್ಲ, ವಿಜ್ಞಾನ, ಅಂದರೆ ಅರಿವು, ಮಾತ್ರ ಇದೆ ಎನ್ನುವ ಬೌದ್ಧ ವಿಜ್ಞಾನವಾದಿಗಳನ್ನು ಶಂಕರರು ಅಲ್ಲಿ ಬಿಡದೆ ಖಂಡಿಸುತ್ತಾರೆ. ಜನ ಕಂಬವನ್ನು ಕಾಣುತ್ತಾರೆ, ತಮ್ಮ ಕಾಣುವಿಕೆಯನ್ನೇ ಕಂಬ ಅನ್ನುವುದಿಲ್ಲ. ವಸ್ತು 'ಹೊರಗಿರುವಂತೆ' ತೋರುತ್ತದೆ ಅಷ್ಟೇ ಎಂದರೂ ಬಿಡುವುದಿಲ್ಲ. ವಿಷ್ಣುಮಿತ್ರ ಎಂಬ ಒಬ್ಬ ಮನುಷ್ಯ ಬಂಜೆಯ ಮಗನಂತೆ ಕಾಣುತ್ತಾನೆ ಎಂದು ಯಾರೂ ಹೇಳುವುದಿಲ್ಲ ಎಂದು ನೆನಪಿಸುತ್ತಾರೆ. ಹೊರಗೆ ಎಂಬುದೇ ಇಲ್ಲದಿದ್ದರೆ ಹೊರಗಿರುವಂತೆ ಎಂಬ ಮಾತು ಎಲ್ಲಿಂದ ಬಂತು? ಮುಂದಿನ ಸೂತ್ರದಲ್ಲಿ ಎಚ್ಚರವನ್ನೂ ಕನಸನ್ನೂ ಬೇರೆ ಮಾಡುತ್ತಾರೆ. ಎದ್ದ ಮೇಲೆ ಕನಸು ಸುಳ್ಳಾಗುತ್ತದೆ. ಎಚ್ಚರದಲ್ಲಿ ಕಂಡ ಕಂಬ ಹಾಗಲ್ಲ. ಬ್ರಹ್ಮಜ್ಞಾನದ ಮಾತು ಬೇರೆ, ಅದು ಇನ್ನೊಂದು ಪಾಠ.

ಇಷ್ಟು ಓದಿದರೆ ಜರ್ಮನ್ ತತ್ವಜ್ಞಾನಿ ಕಾಂಟ್ ಬಲು ಹತ್ತಿರವಾಗುತ್ತಾನೆ. 1781ರ ಅವನ ದೊಡ್ಡ ಗ್ರಂಥ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಹೇಳುವುದೇನೆಂದರೆ, ದೇಶ (ಸ್ಪೇಸ್) ಮತ್ತು ಕಾಲ ನಾವು ಕಾಣುವ ರೀತಿಗೆ ಸೇರಿದ್ದು, ವಸ್ತು ತನ್ನಷ್ಟಕ್ಕೆ ಹೇಗಿದೆ ಎಂದು ನಮಗೆ ತಿಳಿಯದು. ಇದೂ ಬರ್ಕ್ಲಿಯದೇ ದಾರಿ ಎಂದು ವಿಮರ್ಶಕರು ಬರೆದರು. ಕಾಂಟ್‌ಗೆ ಸಿಟ್ಟು ಬಂತು. 1787ರ ಎರಡನೇ ಆವೃತ್ತಿಯಲ್ಲಿ ಐಡಿಯಲಿಸಂನ ಖಂಡನೆ ಎಂದೇ ಒಂದು ಭಾಗ ಸೇರಿಸಿದ. ಜಗತ್ತನ್ನು ಅಲ್ಲಗಳೆದವರು ಎಂದು ನಾವು ಸುಮ್ನೆ ಹೆಸರಿಡುವ ಶಂಕರರು, ಕಾಂಟ್ ಇಬ್ಬರೂ ಹೊರಗಿನ ವಸ್ತುವಿನ ಪರವಾಗಿ ವಾದ ಮಾಡಿದವರು! ಪ್ರತಿ ಬ್ಯಾಚಿನಲ್ಲೂ ಇದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ.

ಕಾಂಟ್ ನಂತರದ ಜರ್ಮನ್ ಐಡಿಯಲಿಸ್ಟ್ ಹೆಗೆಲ್‌ನನ್ನು ಬೇಗ ಮುಗಿಸುತ್ತೇನೆ. ವಿರೋಧಗಳ ಮೂಲಕವೇ ವಿಚಾರ ಮುಂದೆ ಸಾಗುತ್ತದೆ ಎನ್ನುವ ಅವನ ದ್ವಂದ್ವ ವಿಧಾನವನ್ನು ಮಾರ್ಕ್ಸ್ ತೆಗೆದುಕೊಂಡು ಭೌತವಾದಕ್ಕೆ ಹೊಂದಿಸಿದ್ದು ಎಲ್ಲರಿಗೂ ಗೊತ್ತು. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣು, ಕಿವಿಗಳ ಬಗ್ಗೆ ಸಂಶೋಧನೆ ಮಾಡುವಾಗ ಕಾಂಟ್‌ನ ಪ್ರಶ್ನೆಗಳನ್ನೇ ಹಿಡಿದಿದ್ದ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ನಾನು ಅದಕ್ಕೇ ಜಾಸ್ತಿ ಹೊತ್ತು ಕೊಡುತ್ತೇನೆ.

ಉತ್ತರ ಬರೆಸುವಾಗ ನನ್ನದೊಂದು ಹಟ ಇದೆ. ಯಾವ ಚಿಂತಕನ ಬಗ್ಗೆ ಬರೆದರೂ, ಅವನು ಯಾವುದನ್ನು ಇಲ್ಲ ಅನ್ನುತ್ತಾನೆ, ಯಾವುದನ್ನು ಇದೆ ಅನ್ನುತ್ತಾನೆ ಎಂದು ಮೊದಲ ಎರಡು ಸಾಲಿನಲ್ಲೇ ಹೇಳಬೇಕು. 'ಐಡಿಯಲಿಸ್ಟ್' ಎಂಬ ಹಣೆಪಟ್ಟಿ ಆಮೇಲೆ.