ಮರದಲ್ಲಿ ಕಬ್ಬಿಣ ಕೂರಿಸುವುದು: ನಾನು ಕಟ್ಟಿಕೊಂಡ ಬೋಲ್ಟ್ ರೈಫಲ್

ನಾಲ್ಕು ಗುಂಡು ಹೊಡೆದಿದ್ದೆ. ಎರಡು ಒಂದನ್ನೊಂದು ತಾಗಿಕೊಂಡು ಬಿದ್ದಿದ್ದವು. ಇನ್ನೆರಡು ಅವಕ್ಕಿಂತ ಆರು ಸೆಂಟಿಮೀಟರ್ ಮೇಲೆ, ಅವೂ ಜೋಡಿಯಾಗಿಯೇ. ಮರಳು ಚೀಲದ ಆಸರೆ, ಗಾಳಿಯಿಲ್ಲದ ಬೆಳಗ್ಗೆ, ನೂರು ಮೀಟರ್ ದೂರ. ನಾಲ್ಕೂ ಚೆಲ್ಲಾಪಿಲ್ಲಿ ಬಿದ್ದಿದ್ದರೆ ತಪ್ಪು ನನ್ನ ಕೈಯದು ಅಂದುಕೊಳ್ಳುತ್ತಿದ್ದೆ. ಎರಡು ಅಚ್ಚುಕಟ್ಟಾದ ಜೋಡಿ ಬಿದ್ದಿವೆ ಅಂದರೆ ರೈಫಲ್‌ನಲ್ಲಿ ಏನೋ ಒಂದು ಎರಡು ಕಡೆ ಕೂರುತ್ತಿದೆ ಎಂದೇ ಅರ್ಥ. ಎಂಟು ತಿಂಗಳು ಕೂತು ಕೆತ್ತಿದ ಮರವನ್ನು ಮತ್ತೆ ಬಿಚ್ಚಬೇಕಾಯಿತು.

ನಾನು ಆರಿಸಿಕೊಂಡದ್ದು ಮೌಸರ್ 98ರ ಮಾದರಿಯ ಆ್ಯಕ್ಷನ್, ಅಂದರೆ ತೋಟಾ ತುಂಬಿ, ಹೊಡೆದು, ಖಾಲಿಯನ್ನು ಹೊರಗೆಸೆಯುವ ಯಂತ್ರಭಾಗ. ಪೌಲ್ ಮೌಸರ್ 1898ರಲ್ಲಿ ಜರ್ಮನ್ ಸೈನ್ಯಕ್ಕೆ ಕೊಟ್ಟ ವಿನ್ಯಾಸ ಇವತ್ತಿಗೂ ಬೇಟೆ ರೈಫಲ್‌ಗಳಲ್ಲಿ ಉಳಿದಿರುವುದಕ್ಕೆ ಮುಖ್ಯ ಕಾರಣ ಅದರ ಉದ್ದನೆಯ ಪಂಜ. ತೋಟಾ ಮ್ಯಾಗಜಿನ್‌ನಿಂದ (ತೋಟಾ ತುಂಬಿಡುವ ಪೆಟ್ಟಿಗೆ) ಮೇಲೇಳುತ್ತಿದ್ದಂತೆಯೇ ಆ ಪಂಜ ಅದರ ಅಂಚನ್ನು ಹಿಡಿದುಬಿಡುತ್ತದೆ, ಬೋಲ್ಟ್ (ಕೈಯಿಂದ ಹಿಂದೆ ಮುಂದೆ ಎಳೆಯುವ ಅಗುಳಿ) ಹಿಂದೆಳೆದು ಹೊರಗೆಸೆಯುವವರೆಗೂ ಬಿಡುವುದಿಲ್ಲ. ಗಡಿಬಿಡಿಯಲ್ಲಿ ಬೋಲ್ಟ್ ಅರ್ಧಕ್ಕೆ ಎಳೆದು ಮತ್ತೆ ತಳ್ಳಿದರೂ ಎರಡು ತೋಟಾ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುವುದಿಲ್ಲ. ಕಾಡಿನಲ್ಲಿ ಈ ಗುಣಕ್ಕೆ ಬೆಲೆಯಿದೆ. ಅದಕ್ಕೆ ಪ್ರತಿಯಾಗಿ ಒಂದು ಶಿಸ್ತನ್ನೂ ಅದು ಕೇಳುತ್ತದೆ. ತೋಟಾವನ್ನು ನೇರ ಚೇಂಬರ್‌ಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗುಳಿ) ಹಾಕಿ ಬೋಲ್ಟ್ ಬಡಿಯಬಾರದು, ಯಾವಾಗಲೂ ಮ್ಯಾಗಜಿನ್ ಮೂಲಕವೇ ಹೋಗಬೇಕು.

ಕ್ಯಾಲಿಬರ್ .308 ವಿಂಚೆಸ್ಟರ್. 1952ರಿಂದ ಬಳಕೆಯಲ್ಲಿದೆ, ಎಲ್ಲ ಬಗೆಯ ಗುಂಡುಗಳೂ ಸಿಗುತ್ತವೆ, ಹಿಂದೊದೆತ ಭುಜ ತಡೆಯುವಷ್ಟೇ ಇದೆ. ನಳಿಗೆ 56 ಸೆಂಟಿಮೀಟರ್, ಗುಂಡನ್ನು ತಿರುಗಿಸುವ ಒಳಗಿನ ಗೀರುಗಳ ತಿರುವು ಹತ್ತು ಇಂಚಿಗೆ ಒಂದು ಸುತ್ತು. ನಳಿಗೆಯನ್ನು ಆ್ಯಕ್ಷನ್‌ಗೆ ತಿರುಗಿಸಿ ಕೂರಿಸುವುದು, ಚೇಂಬರ್ ಕೊರೆಯುವುದು, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ನೋಡುವುದು, ಇದಿಷ್ಟನ್ನೂ ನಾನು ಮುಟ್ಟಲಿಲ್ಲ. ಪರವಾನಗಿ ಇರುವ ಕೋವಿ ಕುಶಲಕರ್ಮಿಯೊಬ್ಬರು ಮಾಡಿಕೊಟ್ಟರು. ಬೋಲ್ಟ್ ಆ ಅಂತರ ಅಳೆಯುವ ‘ಗೋ’ ಗೇಜ್ ಮೇಲೆ ಸಲೀಸಾಗಿ ಮುಚ್ಚಿಕೊಂಡು ‘ನೋ-ಗೋ’ ಗೇಜ್ ಮೇಲೆ ಮುಚ್ಚದೆ ನಿಂತದ್ದನ್ನು ನನ್ನ ಕಣ್ಣೆದುರೇ ತೋರಿಸಿದರು. ಮುಖದ ಒಂದು ಗೇಣು ಮುಂದೆ ಮೂರೂವರೆ ಸಾವಿರ ವಾತಾವರಣಕ್ಕೂ ಮೀರಿದ ಒತ್ತಡ ಏಳುವ ಜಾಗ ಅದು. ಮರಗೆಲಸ ಬಂದ ಮಾತ್ರಕ್ಕೆ ಅದಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ಪಾಲಿಗೆ ಉಳಿದದ್ದು ಮರ. ವಾಲ್ನಟ್ ಹಲಗೆ ಆರಿಸುವಾಗ ಎಲ್ಲರ ಕಣ್ಣೂ ಹಿಂಭಾಗದ ಬಣ್ಣದ ಗೆರೆಗಳಿಗೆ ಹೋಗುತ್ತದೆ. ನಾನು ಮೊದಲು ನೋಡಿದ್ದು ಕೈ ಹಿಡಿಯುವ ಕುತ್ತಿಗೆಯ ಜಾಗವನ್ನು. ಅಲ್ಲಿ ಎಳೆ ಉದ್ದುದ್ದಕ್ಕೆ, ಕುತ್ತಿಗೆಯ ಬಾಗಿನ ಜೊತೆಗೇ ಹರಿಯಬೇಕು. ಅಡ್ಡ ಹರಿದರೆ ಎಷ್ಟು ಚೆಂದದ ಮರವಾದರೂ ಒಂದು ದಿನ ಅಲ್ಲೇ ಸೀಳುತ್ತದೆ. ಮುಂಭಾಗದಲ್ಲಿ ಎಳೆ ನೇರವಿರಬೇಕು, ಇಲ್ಲವಾದರೆ ಹವೆ ಬದಲಾದಾಗ ತಿರುಚಿಕೊಂಡು ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ. ಬಣ್ಣ ಸಾದಾ ಇದ್ದರೂ ಎಳೆ ಸರಿಯಿದ್ದ ಹಲಗೆಯನ್ನೇ ತಂದೆ.

ಕಬ್ಬಿಣಕ್ಕೆ ಮರದಲ್ಲಿ ಮನೆ ಮಾಡುವ ಕೆಲಸಕ್ಕೆ ನಾನು ಬಳಸಿದ್ದು ಹಳೆಯ ದಾರಿ. ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಲೋಹಕ್ಕೆ ತೆಳ್ಳಗೆ ಸವರಿ, ಮರದೊಳಗೆ ಒತ್ತಿ, ಎತ್ತಿ ನೋಡುವುದು. ಮಸಿ ಎಲ್ಲಿ ಅಂಟಿದೆಯೋ ಅಲ್ಲಿ ಮಾತ್ರ ಉಳಿಯಿಂದ ಕಾಗದದಷ್ಟು ಕೆರೆಯುವುದು. ಮತ್ತೆ ಸವರು, ಮತ್ತೆ ಒತ್ತು, ಮತ್ತೆ ಕೆರೆ. ಒಂದು ಸಂಜೆಗೆ ಒಂದು ಮಿಲಿಮೀಟರ್ ಇಳಿದರೆ ಅದೇ ಒಳ್ಳೆಯ ಸಂಜೆ. ಈ ಕೆಲಸದಲ್ಲಿ ಕೈಗೆ ಒಂದು ಬಗೆಯ ತಾಳ್ಮೆ ಹತ್ತುತ್ತದೆ, ನನಗಂತೂ ಇಡೀ ಕಟ್ಟೋಣದಲ್ಲಿ ಅತಿ ಇಷ್ಟವಾದ ಭಾಗ ಇದೇ.

ಹಿಂಭಾಗದ ಅಳತೆಗೆ ಪುಸ್ತಕದ ಲೆಕ್ಕ ಹಿಡಿಯಲಿಲ್ಲ. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆದಾಗ ಸ್ಕೋಪ್‌ನ ಪೂರ್ತಿ ವೃತ್ತ ಕಾಣಬೇಕು. ಅಷ್ಟಾಗುವವರೆಗೂ ಕೀಸಿದೆ. ಟ್ರಿಗರ್‌ನಿಂದ ಹಿಂತುದಿಗೆ 34 ಸೆಂಟಿಮೀಟರ್ ಬಂತು. ದಪ್ಪ ಬಟ್ಟೆ ಹಾಕಿಕೊಂಡೇ ಅಳೆದಿದ್ದೆ, ಬೇಟೆಯ ಹೊತ್ತಿಗೆ ತೊಡುವುದು ಅದೇ ತಾನೆ.

ಆಮೇಲೆ ಬೆಡ್ಡಿಂಗ್, ಅಂದರೆ ಕಬ್ಬಿಣಕ್ಕೆ ಅಲುಗದ ಹಾಸು ಮಾಡುವುದು. ಎಷ್ಟೇ ನಾಜೂಕಾಗಿ ಕೆತ್ತಿದರೂ ಮರ ಉಸಿರಾಡುತ್ತದೆ. ಅದಕ್ಕೇ ಆ್ಯಕ್ಷನ್ ಕೂರುವ ಜಾಗದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ತೆಗೆದು, ಅಲ್ಲಿ ಎಪಾಕ್ಸಿ ಅಂಟು ತುಂಬಿ, ಕಬ್ಬಿಣದ್ದೇ ಅಚ್ಚು ತೆಗೆಯುತ್ತಾರೆ. ಲೋಹಕ್ಕೆಲ್ಲ ಅಂಟು ಹಿಡಿಯದಂತೆ ಬಿಡುಗಡೆ ಮೇಣ ಎರಡು ಸಲ ಹಚ್ಚಿದೆ, ತೂತುಗಳಿಗೆಲ್ಲ ಜೇಡಿ ತುಂಬಿದೆ. ಒಂದು ತೂತು ಮರೆತರೂ ಎಪಾಕ್ಸಿ ಅದರೊಳಗೆ ಹೋಗಿ ಗಟ್ಟಿಯಾಗಿ, ಕಬ್ಬಿಣವನ್ನೂ ಮರವನ್ನೂ ಬಿಡಿಸಲಾಗದಂತೆ ಬೆಸೆಯುತ್ತದೆ. ಹಿಂದೊದೆತವನ್ನು ಮರಕ್ಕೆ ದಾಟಿಸುವ ರಿಕಾಯಿಲ್ ಲಗ್ ಎಂಬ ಗಟ್ಟಿ ಉಬ್ಬು ಆ್ಯಕ್ಷನ್‌ನ ಕೆಳಗಿರುತ್ತದೆ. ಅದರ ಮುಂದೆ, ಎರಡೂ ಬದಿಗೆ, ತಳಕ್ಕೆ ಟೇಪ್ ಅಂಟಿಸಿದೆ. ಹಿಂಬದಿಗೆ ಮಾತ್ರ ಇಲ್ಲ. ಟೇಪ್ ಕಿತ್ತಮೇಲೆ ಲಗ್ ತನ್ನ ಬೆನ್ನಿನಿಂದ ಮಾತ್ರ ಒರಗಿ ನಿಲ್ಲುತ್ತದೆ, ಬೇರೆಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನಳಿಗೆ ಮರಕ್ಕೆ ತಾಗದಂತೆ ತೇಲಿಸಿದ್ದೆ. ಮಡಿಸಿದ ಕಾಗದವೊಂದು ಮುಂತುದಿಯಿಂದ ಆ್ಯಕ್ಷನ್‌ವರೆಗೆ ತಡೆಯಿಲ್ಲದೆ ಜಾರಿ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿಯೂ ಆ ಎರಡು ಜೋಡಿ.

ಪತ್ತೆ ಮಾಡಿದ್ದು ಬೆರಳಿನಿಂದ. ನಳಿಗೆ ಮತ್ತು ಮರದ ನಡುವಿನ ಸಂದಿಯ ಮೇಲೆ ಬೆರಳಿಟ್ಟು, ಆ್ಯಕ್ಷನ್ ಅನ್ನು ಮರಕ್ಕೆ ಬಿಗಿಯುವ ಮುಂದಿನ ಸ್ಕ್ರೂವನ್ನು ಸಡಿಲಿಸಿ, ಬಿಗಿದು, ಮತ್ತೆ ಸಡಿಲಿಸಿದೆ. ಸರಿಯಾಗಿ ಕೂತ ರೈಫಲ್‌ನಲ್ಲಿ ಬೆರಳಿಗೆ ಏನೂ ತಿಳಿಯಬಾರದು. ನನ್ನದರಲ್ಲಿ ನಳಿಗೆ ಸಣ್ಣಗೆ ಎದ್ದು ಕೂರುತ್ತಿತ್ತು. ಮ್ಯಾಗಜಿನ್ ಪೆಟ್ಟಿಗೆಯ ಮೇಲಂಚಿಗೆ ಮಸಿ ಹಚ್ಚಿ ಕೂಡಿಸಿ ಬಿಗಿದು ಬಿಚ್ಚಿದಾಗ, ಮಸಿ ಆ್ಯಕ್ಷನ್‌ನ ಹೊಟ್ಟೆಗೆ ಅಂಟಿತ್ತು. ಮೌಸರ್‌ನಲ್ಲಿ ಮ್ಯಾಗಜಿನ್ ಪೆಟ್ಟಿಗೆ ಟ್ರಿಗರ್ ಗಾರ್ಡಿನ ಜೊತೆ ಒಂದೇ ತುಂಡು. ಪೆಟ್ಟಿಗೆಗೂ ಆ್ಯಕ್ಷನ್‌ಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಬೇಕು. ನಾನು ಮುಂದಿನ ಸ್ಕ್ರೂ ಸುತ್ತ ಲೋಹದ ಕಂಬ ಕೂರಿಸಿರಲಿಲ್ಲ, ವಾಲ್ನಟ್ ಗಟ್ಟಿ ಮರ, ಸಾಕು ಅಂದುಕೊಂಡಿದ್ದೆ. ಒಣ ಹವೆಗೆ ಮರ ಕುಗ್ಗಿತ್ತು, ಸ್ಕ್ರೂ ಬಿಗಿದು ಬಿಗಿದು ಮತ್ತಷ್ಟು ಅದುಮಿತ್ತು, ಕಬ್ಬಿಣ ಕಬ್ಬಿಣಕ್ಕೆ ಮುಟ್ಟಿತ್ತು. ಬಿಗಿತವೆಲ್ಲ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು, ಬೆಡ್ಡಿಂಗ್ ಮೇಲೆ ಅಲ್ಲ. ಪ್ರತಿ ಹೊಡೆತಕ್ಕೂ ಆ್ಯಕ್ಷನ್ ತನಗೆ ಬೇಕಾದ ಕಡೆ ಕೂರುತ್ತಿತ್ತು.

ಪೆಟ್ಟಿಗೆಯ ಮೇಲಂಚನ್ನು ಅರದಿಂದ ಅರ್ಧ ಮಿಲಿಮೀಟರ್ ಇಳಿಸಿದೆ. ಸ್ಕ್ರೂವಿಗೆ ಅಲ್ಯೂಮಿನಿಯಂ ಕಂಬ ಕೂರಿಸಿ ಮುಂಭಾಗದ ಬೆಡ್ಡಿಂಗ್ ಹೊಸದಾಗಿ ಮಾಡಿದೆ. ಈಗ ಟಾರ್ಕ್ ರೆಂಚ್‌ನಿಂದ 6 ನ್ಯೂಟನ್-ಮೀಟರ್ ಬಿಗಿಯುತ್ತೇನೆ, ಸ್ಕೋಪ್ ಉಂಗುರದ ಸ್ಕ್ರೂಗಳಿಗೆ 2. ಕೈಯಂದಾಜು ಬಿಟ್ಟೆ.

ಮತ್ತೆ ನೂರು ಮೀಟರ್. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿ ನೋಡಿ, ರೈಫಲ್ ಅಲುಗದಂತೆ ಸ್ಕೋಪ್‌ನ ಗೆರೆಗಳನ್ನು ಅಲ್ಲಿಗೇ ತಂದೆ, ಮೊದಲ ಗುಂಡು ಹಾಳೆಯೊಳಗೇ ಬಿತ್ತು. ಮೊದಮೊದಲ ಒಂದೊಂದು ಖಾಲಿ ತೋಟಾವನ್ನೂ ಎತ್ತಿ ನೋಡಿದೆ, ಬುಡದ ಹತ್ತಿರ ಹೊಳೆಯುವ ಉಂಗುರವಿಲ್ಲ, ಪ್ರೈಮರ್ (ಕಿಡಿ ಹೊತ್ತಿಸುವ ಬುಡದ ಬಟ್ಟಲು) ಚಪ್ಪಟೆಯಾಗಿಲ್ಲ, ಅಂದರೆ ಹೆಡ್‌ಸ್ಪೇಸೂ ಒತ್ತಡವೂ ಮಿತಿಮೀರಿದ ಗುರುತಿಲ್ಲ. ಕಾರ್ಖಾನೆಯ ತೋಟಾಗಳನ್ನೇ 150, 165, 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡುಗಳಲ್ಲಿ ತಂದಿದ್ದೆ. ಒಂದೊಂದರಲ್ಲೂ ಐದೈದು ಗುಂಡಿನ ನಾಲ್ಕು ಸರದಿ, ಸರದಿಗಳ ನಡುವೆ ನಳಿಗೆ ಕೈಗೆ ತಣ್ಣಗಾಗುವವರೆಗೆ ಕಾಯುವುದು. ಮೂರು ಗುಂಡಿನ ಗುಂಪು ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಮೂರು ಗುಂಡು ಹತ್ತಿರ ಬೀಳುವುದು ಎಷ್ಟೋ ಸಲ ಬರೀ ಅದೃಷ್ಟ. 165 ಗ್ರೇನ್ ಗುಂಡು ಸರಾಸರಿ 3.2 ಸೆಂಟಿಮೀಟರ್ ಗುಂಪು ಕೊಟ್ಟಿತು, ಕೋನದ ಲೆಕ್ಕದಲ್ಲಿ ಒಂದು ನಿಮಿಷಕ್ಕಿಂತ (ಡಿಗ್ರಿಯ ಅರವತ್ತರಲ್ಲೊಂದು ಪಾಲು) ತುಸು ಹೆಚ್ಚು. 180 ಗ್ರೇನ್ ಐದು ಸೆಂಟಿಮೀಟರ್ ದಾಟಿತು. ವೇಗಮಾಪಕದಲ್ಲಿ 165 ಗ್ರೇನ್ ಗುಂಡಿನ ಸರಾಸರಿ ಸೆಕೆಂಡಿಗೆ 805 ಮೀಟರ್ ಬಂತು. ಜೋಡಿಗಳು ಮತ್ತೆ ಕಾಣಲಿಲ್ಲ.

ಆದರೂ ಬೇಟೆ ರೈಫಲ್‌ಗೆ ಇದು ನಿಜವಾದ ಪರೀಕ್ಷೆಯಲ್ಲ. ಕಾಡಿನಲ್ಲಿ ಐದನೆಯ ಗುಂಡಿಗೆ ಅರ್ಥವಿಲ್ಲ. ತಣ್ಣಗಿರುವ ನಳಿಗೆಯ ಮೊದಲ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಾಣಿಯ ನೋವಿಗೂ ನೋವಿಲ್ಲದ ಸಾವಿಗೂ ನಡುವಿನ ಅಂತರ. ಹಾಗಾಗಿ ಒಂದೇ ಗುರಿ ಹಾಳೆ ಇಟ್ಟುಕೊಂಡು ಹನ್ನೆರಡು ಬೇರೆ ಬೇರೆ ದಿನ, ದಿನಕ್ಕೆ ಒಂದೇ ಒಂದು ಗುಂಡು ಹೊಡೆದೆ. ಮಳೆಯ ದಿನವೂ ಇತ್ತು, ಸುಡು ಮಧ್ಯಾಹ್ನವೂ ಇತ್ತು. ಹನ್ನೊಂದು ಗುಂಡುಗಳು ಐದು ಸೆಂಟಿಮೀಟರ್ ವೃತ್ತದೊಳಗೆ ಬಿದ್ದವು. ಒಂದು ಮಾತ್ರ ನಾಲ್ಕು ಸೆಂಟಿಮೀಟರ್ ಹೊರಗೆ. ಟಿಪ್ಪಣಿ ಪುಸ್ತಕ ತೆರೆದರೆ ಹಿಂದಿನ ರಾತ್ರಿ ನಳಿಗೆ ತೊಳೆದು ಎಣ್ಣೆ ಸವರಿಟ್ಟಿದ್ದೆ. ಮಾರನೆಯ ವಾರ ಬೇಕೆಂದೇ ಮತ್ತೆ ಎಣ್ಣೆ ಹಚ್ಚಿ ಹೊಡೆದು ನೋಡಿದೆ, ಮತ್ತೆ ಅದೇ ಕಡೆಗೆ ಹೋಯಿತು. ಈಗ ಬೇಟೆಗೆ ಮುಂಚೆ ನಳಿಗೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೈದಾನದಲ್ಲಿ ಎರಡು ಗುಂಡು ಹೊಡೆದು, ತೊಳೆಯದೆ ಹಾಗೇ ಒಯ್ಯುತ್ತೇನೆ.

ನೂರು ಮೀಟರ್‌ಗೆ ನಾಲ್ಕು ಸೆಂಟಿಮೀಟರ್ ಮೇಲೆ ಬೀಳುವಂತೆ ಕೂರಿಸಿದ್ದೇನೆ, ಇನ್ನೂರಕ್ಕೆ ಹೆಚ್ಚುಕಡಿಮೆ ಅಷ್ಟೇ ಕೆಳಗೆ ಬೀಳುತ್ತದೆ. ಕೊನೆಗೆ ಮೇಜು ಬಿಟ್ಟೆದ್ದು, ಕಾಡಿನಲ್ಲಿ ಸಿಗುವ ಭಂಗಿಗಳಲ್ಲಿ ಹೊಡೆದೆ. ಕೂತು ಕವೆಗೋಲಿನ ಮೇಲೆ ಒರಗಿದರೆ ನೂರು ಮೀಟರ್‌ಗೆ ಎಂಟು ಸೆಂಟಿಮೀಟರ್, ಆಸರೆಯಿಲ್ಲದೆ ಮಂಡಿಯೂರಿದರೆ ಹದಿನಾಲ್ಕು, ಬರಿಗೈಯಲ್ಲಿ ನಿಂತರೆ ಮೂವತ್ತು ದಾಟಿತು. ರೈಫಲ್ ಅದೇ, ಗುಂಡು ಅದೇ. ಜಿಂಕೆಯ ಎದೆಯಲ್ಲಿ ನಾನು ನಂಬಿ ಹೊಡೆಯಬಹುದಾದ ಜಾಗ ಹದಿನೈದು ಸೆಂಟಿಮೀಟರ್. ಹಾಗಾಗಿ ಕವೆಗೋಲಿದ್ದರೆ ನೂರ ಎಂಬತ್ತು ಮೀಟರ್, ಮಂಡಿಯೂರಿದರೆ ನೂರು, ನಿಂತು ಹೊಡೆಯುವುದಾದರೆ ನಲವತ್ತೈದು. ಈ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಹಿಂಭಾಗದ ಮರಕ್ಕೆ, ಕೆನ್ನೆ ಒರಗುವ ಜಾಗದ ಆಚೆ ಬದಿಗೆ ಅಂಟಿಸಿದ್ದೇನೆ.