ವಿದ್ಯುತ್ ಕಾರು ತರುವ ಮೊದಲು ಲೈಟ್ ಬಿಲ್ ಹಿಡಿದು ಕೂಡ್ರಿ

ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ವಿದ್ಯುತ್ ಕಾರಿನ ಮಾತೆದ್ದರೆ ಮೊದಲ ಪ್ರಶ್ನೆ, ‘ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟ್ ಓಡ್ತೈತ್ರೀ?’ ಎರಡನೆಯದು ದನಿ ತಗ್ಗಿಸಿ ಬರುತ್ತದೆ: ‘ಗೃಹಜ್ಯೋತಿ ಹೋಗ್ತೈತೇನ್ರೀ?’ ಕೇಳಬೇಕಾದದ್ದು ಎರಡನೆಯದನ್ನೇ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆಯದ್ದನ್ನೇ. ಅದರ ಉತ್ತರ ಶೋರೂಮಿನಲ್ಲಿಲ್ಲ, ಮನೆಯ ಲೈಟ್ ಬಿಲ್ಲಿನಲ್ಲಿದೆ.

ಹಾಗಾಗಿ ಮೊದಲ ಕೆಲಸ, ಹಿಂದಿನ ಮೂರು ತಿಂಗಳ ಹೆಸ್ಕಾಂ ಬಿಲ್ ತೆಗೆದು ಯೂನಿಟ್ ಮತ್ತು ಮಂಜೂರಾದ ಲೋಡ್ (ಮನೆ ಒಮ್ಮೆಗೆ ಎಳೆಯಬಹುದಾದ ಕಿಲೋವ್ಯಾಟ್) ಎಷ್ಟಿವೆ ನೋಡುವುದು. ಈಗ ಲೆಕ್ಕ. ಧಾರವಾಡಕ್ಕೆ ದಿನಾ ಹೋಗಿ ಬಂದರೆ 40 ಕಿ.ಮೀ., ತಿಂಗಳಿಗೆ 25 ದಿನವೆಂದರೆ ಸಾವಿರ. ಸಣ್ಣ ಕಾರು ಯೂನಿಟ್‌ಗೆ ಏಳು ಕಿ.ಮೀ. ಓಡಿದರೂ ಸುಮಾರು 150 ಯೂನಿಟ್ ಬೇಕು. ಮನೆಗೆ ಈಗಾಗಲೇ 80 ಸುಡುತ್ತಿದ್ದರೆ ಒಟ್ಟು 230. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಹೆಚ್ಚಾದ 30ಕ್ಕಷ್ಟೇ ಅಲ್ಲ, ಇಡೀ ಬಿಲ್ಲಿಗೇ ದುಡ್ಡು ಕಟ್ಟಬೇಕು.

ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಅದು 1,400ರ ಆಸುಪಾಸು, ನಿಗದಿತ ಶುಲ್ಕ ಬೇರೆ. ಅಷ್ಟೇ ದೂರಕ್ಕೆ ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರು ಆರು ಸಾವಿರ ನುಂಗುತ್ತದೆ. ಆದರೂ ನಮ್ಮವರಿಗೆ ನಾಲ್ಕು ಸಾವಿರದಷ್ಟು ಉಳಿದದ್ದಕ್ಕಿಂತ ‘ಸೊನ್ನೆ ಬಿಲ್’ ಕಳೆದದ್ದೇ ಹೊಟ್ಟೆಯುರಿ!

ಅದಕ್ಕೂ ದಾರಿಯಿದೆ. ಕಾರಿಗೆ ಬೇರೆ ಮೀಟರ್ ಕೇಳಿ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಿದ್ದಿದ ಗ್ರಾಹಕ ಹಕ್ಕು ನಿಯಮಗಳು ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯಲು ಅವಕಾಶ ಕೊಟ್ಟಿವೆ. ಹೊಸ ಕಂಬ, ತಂತಿ ಬೇಕಿಲ್ಲದ ಕಡೆ ನಗರದೊಳಗೆ ಏಳು ದಿನ, ಹಳ್ಳಿಯಲ್ಲಿ ಹದಿನೈದು ದಿನದ ಗಡುವನ್ನೂ ಅವೇ ಹಾಕಿವೆ. ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗುವಾಗ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಇರಲಿ, ಅರ್ಜಿಯಲ್ಲಿ ಉಪಯೋಗ ‘ವಾಹನ ಚಾರ್ಜಿಂಗ್’ ಎಂದೇ ಇರಲಿ. ರಾಜ್ಯದಲ್ಲಿ ಕರೆಂಟ್ ದರ ಗೊತ್ತುಮಾಡುವ ಕೆಇಆರ್‌ಸಿ ಅದಕ್ಕೆ ಬೇರೆ ದರವನ್ನೇ ಇಟ್ಟಿದೆ. ಗಡುವಿನ ಮಾತನ್ನು ನಗುನಗುತ್ತಲೇ ನೆನಪಿಸಿ, ಜಗಳ ಬೇಡ.

ಮುಂದಿನದು ವೈರಿಂಗ್. ಸಾದಾ ಚಾರ್ಜರ್ ತಾಸುಗಟ್ಟಲೆ ಮೂರು ಕಿಲೋವ್ಯಾಟ್ ಎಳೆಯುತ್ತದೆ, ಗೀಜರ್‌ನಂತೆ ಹತ್ತು ನಿಮಿಷಕ್ಕೆ ಬಂದ್ ಆಗುವುದಿಲ್ಲ. ಹಳೆಯ ಮನೆಯ ಸಾಕೆಟ್ ಕರಗಿಬಿಡಬಹುದು. ಅದಕ್ಕೆಂದೇ ಪ್ರತ್ಯೇಕ ದಪ್ಪ ವೈರ್, 16 ಆಂಪಿಯರ್ ಸಾಕೆಟ್, ಕರೆಂಟ್ ಮಿತಿ ಮೀರಿದರೆ ತಾನೇ ಬಂದ್ ಆಗುವ ಎಂಸಿಬಿ ಸ್ವಿಚ್ ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. 40 ಕಿ.ಮೀ. ಓಡಿದ ಕಾರಿಗೆ ಎರಡು, ಎರಡೂವರೆ ತಾಸು ಸಾಕು, ರಾತ್ರಿ ಊಟವಾದ ಮೇಲೆ ಹಚ್ಚಿ.

‘ಕಲ್ಲಿದ್ದಲು ಸುಟ್ಟ ಕರೆಂಟ್‌ನಿಂದ ಏನ್ ಉಪಕಾರ?’ ಎನ್ನುವವರೂ ಸಿಗುತ್ತಾರೆ. ಅರ್ಧ ನಿಜ. ಉಳಿದರ್ಧಕ್ಕೆ ಗದಗ ಸೀಮೆಯ ಗಾಳಿಯಂತ್ರಗಳನ್ನು ತೋರಿಸಿ.

ಪರಊರಿನ ಪ್ರಯಾಣ ಬೇರೆ ಮಾತು. 2023ರ ಮಾರ್ಚ್‌ನಲ್ಲಿ ಕೇಂದ್ರವು ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರು ಮಾಡಿತು. ಪೆಟ್ರೋಲ್ ಮಾರುವವರೇ ಪಂಪಿನಲ್ಲಿ ಚಾರ್ಜಿಂಗ್ ಗನ್ ಹಾಕಿಸುತ್ತಿದ್ದಾರೆ, ಅವರಿಗೂ ಗಾಳಿ ಯಾವ ಕಡೆಗೆಂದು ತಿಳಿದಿದೆ. ಆದರೆ ಹಾಕಿದ ಗನ್ ಎಲ್ಲವೂ ಕೆಲಸ ಮಾಡುತ್ತಿರುತ್ತದೆ ಎಂದೇನಿಲ್ಲ. ಮನೆಗಿಂತ ದರ ಜಾಸ್ತಿ, ಮೇಲೆ ಶೇ 18 ಜಿಎಸ್‌ಟಿ. ಹಾವೇರಿ ಕಡೆ ಹೊರಡುವ ಮೊದಲು ದಾರಿಯಲ್ಲಿ ಚಾರ್ಜ್ ಮಾಡಬೇಕೆಂದಿರುವ ಪಂಪಿಗೆ ಫೋನ್ ಹಚ್ಚಿ, ‘ಗನ್ ಚಾಲೂ ಐತೇನಪಾ?’ ಎಂದು ಕೇಳಿಯೇ ಹೊರಡಿ.