ಹಲ್ಲಿನ ಸಂದಿಗೆ ಹಾಕಿದ ರಬ್ಬರ್ ಬ್ಯಾಂಡ್ ಬೆಳಗಾಗುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ಎರಡು ಮೂಲಂಗಿ ತೊಳೆದು, ಬಾಲ ಮೇಲೆ ಬರುವಂತೆ ಜೋಡಿಸಿ ಹಿಡಿಯಿರಿ. ದಪ್ಪ ಭಾಗದ ಸುತ್ತ ಒಂದು ಸಣ್ಣ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ, ಸ್ವಲ್ಪ ಅಲುಗಾಡಿಸಿ. ಬ್ಯಾಂಡ್ ಬಾಲದ ಕಡೆ ಏರುತ್ತದೆ, ಬಾಲಗಳು ಒಂದಕ್ಕೊಂದು ಅಂಟುತ್ತವೆ, ದಪ್ಪ ತುದಿಗಳು ಅಗಲುತ್ತವೆ. ಸಂದಿ ಮುಚ್ಚಲೆಂದು ಮುಂದಿನ ಎರಡು ಹಲ್ಲಿಗೆ ಬ್ಯಾಂಡ್ ಹಾಕಿಕೊಂಡವರ ಬಾಯಲ್ಲಿ ಆಗುವುದೂ ಇದೇ.

ಮೇಲಿನ ಮುಂಹಲ್ಲು ಕಚ್ಚುವ ಅಂಚಿನ ಹತ್ತಿರ ಅಗಲ, ಒಸಡಿನ ಹತ್ತಿರ ಕಿರಿದು. ಒಸಡಿನೊಳಗೆ ಸುಮಾರು 13 ಮಿಲಿಮೀಟರ್ ಉದ್ದದ ಬೇರು, ಅದೂ ತುದಿಗೆ ಹೋದಂತೆ ಚೂಪು. ಎಂಜಲಿನ ಜಾರಿಕೆ ಬೇರೆ. ಬ್ಯಾಂಡಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಡಾಕ್ಟರೂ ರಬ್ಬರ್ ಬಳಸುತ್ತಾರಲ್ಲ ಎನ್ನಬಹುದು. ಅವರು ಅದನ್ನು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿನ ಕೊಕ್ಕೆಗೆ ಸಿಕ್ಕಿಸುತ್ತಾರೆ, ಬರಿ ಹಲ್ಲಿನ ಸುತ್ತ ಸುತ್ತುವುದಿಲ್ಲ. ಹಲ್ಲುಗಳ ನಡುವೆ ಜಾಗ ಮಾಡಲು ಹಾಕುವ ಪುಟ್ಟ ರಬ್ಬರ್ ಬಳೆಗಳನ್ನಂತೂ ಎಣಿಸಿ ಹಾಕಿ, ಎಣಿಸಿ ತೆಗೆಯುತ್ತಾರೆ.

ಮೊದಲ ಒಂದೆರಡು ದಿನ ಸಂದಿ ನಿಜಕ್ಕೂ ಕಿರಿದಾದಂತೆ ಕಾಣುತ್ತದೆ. ಮೋಸ ಇರುವುದೇ ಇಲ್ಲಿ. ಹಲ್ಲು ಬೇರುಸಮೇತ ಸರಿದಿರುವುದಿಲ್ಲ, ಬರೇ ವಾಲಿರುತ್ತದೆ. ಬ್ಯಾಂಡ್ ತೆಗೆದರೆ ಸಂದಿ ಮತ್ತೆ ಬಿಡುತ್ತದೆ. ಹಾಗಾಗಿ ರಾತ್ರಿಯೂ ಹಾಕಿಕೊಂಡು ಮಲಗುತ್ತಾರೆ. ಬೆಳಿಗ್ಗೆ ನೋಡಿದರೆ ಬ್ಯಾಂಡ್ ಇಲ್ಲ. ನುಂಗಿರಬೇಕು ಎಂದುಕೊಂಡು ಇನ್ನೊಂದು ಹಾಕುತ್ತಾರೆ.

ನುಂಗಿದ್ದರೆ ಒಳ್ಳೆಯದೇ ಆಯಿತು, ಅದು ತಾನಾಗಿ ಹೊರಗೆ ಹೋಗುತ್ತದೆ. ಒಸಡಿನೊಳಗೆ ಹೊಕ್ಕ ಬ್ಯಾಂಡ್ ಹಾಗಲ್ಲ. ಬೇರನ್ನೂ ಮೂಳೆಯನ್ನೂ ಹಿಡಿದಿಡುವ ನಾರಿನ ಪದರದ ದಪ್ಪ ಸುಮಾರು 0.2 ಮಿಲಿಮೀಟರ್ ಅಷ್ಟೇ. ಬ್ಯಾಂಡ್ ಅದನ್ನು ಸುತ್ತಲೂ ಬಿಡಿಸುತ್ತಾ ಮೇಲೇರುತ್ತದೆ, ಅದರ ಹಿಂದೆಯೇ ಮೂಳೆ ಕರಗುತ್ತದೆ. ಇದೆಲ್ಲ ನಿಧಾನಕ್ಕೆ ಆಗುವುದರಿಂದ ದೊಡ್ಡ ನೋವೇನೂ ಇರುವುದಿಲ್ಲ. ವಾರಗಳ ನಂತರ ಒಸಡು ಊದಿ ಕೆಂಪು-ನೀಲಿಯಾಗುತ್ತದೆ, ಒತ್ತಿದರೆ ರಕ್ತ ಅಥವಾ ಕೀವು ಬರುತ್ತದೆ. ಎರಡು ಹಲ್ಲೂ ಉದ್ದವಾದಂತೆ ಕಂಡು, ಅಲುಗಾಡಿ, ಮುಚ್ಚಬೇಕಿದ್ದ ಸಂದಿ ಮೊದಲಿಗಿಂತ ಅಗಲವಾಗುತ್ತದೆ.

ಬ್ಯಾಂಡ್ ಕಾಣೆಯಾಗಿದ್ದರೆ

ಬ್ಯಾಂಡ್ ಪೂರ್ತಿ ಹಲ್ಲಿನ ಮೇಲೇ ಇದ್ದು, ಸುತ್ತಲೂ ಕಣ್ಣಿಗೆ ಕಾಣುತ್ತಿದ್ದರೆ ಬೆರಳಿನಿಂದ ಅಂಚಿನ ಕಡೆಗೆ ಜಾರಿಸಿ ತೆಗೆದು, ಅಲ್ಲಿಗೆ ನಿಲ್ಲಿಸಿಬಿಡಿ. ಒಂದು ಕಡೆಯಾದರೂ ಒಸಡಿನೊಳಗೆ ಹೋಗಿದ್ದರೆ ಎಳೆಯಬೇಡಿ. ಅದು ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಪಿನ್ನು, ಸೂಜಿ, ಹಲ್ಲುಕಡ್ಡಿ ಹಾಕಿ ಕೆದಕಿದರೆ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿದಂತೆ.

ಅದೇ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಬ್ಯಾಂಡ್ ಹಾಕಿಕೊಂಡಿದ್ದನ್ನು ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ನಷ್ಟ ದೊಡ್ಡದು, ಯಾಕೆಂದರೆ ಲೇಟೆಕ್ಸ್ ರಬ್ಬರ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕಾಣುವುದು ಕರಗಿದ ಮೂಳೆ ಮಾತ್ರ. ಅದನ್ನು ಒಸಡಿನ ರೋಗವೆಂದುಕೊಂಡು ಹಲ್ಲು ಕ್ಲೀನ್ ಮಾಡಿ ಮಾತ್ರೆ ಬರೆದುಕೊಟ್ಟರೆ ಊತ ಸ್ವಲ್ಪ ಇಳಿದು ಮತ್ತೆ ಬರುತ್ತದೆ. ಬಾಯಿಯ ಉಳಿದೆಲ್ಲ ಹಲ್ಲು ಗಟ್ಟಿಯಾಗಿದ್ದು, ಮುಂದಿನ ಎರಡರ ಸುತ್ತ ಮಾತ್ರ ಮೂಳೆ ಹೋಗಿದ್ದರೆ ಬ್ಯಾಂಡಿನ ಮೇಲೆ ಅನುಮಾನ ಪಡಲೇಬೇಕು. ಯಾವತ್ತು ಹಾಕಿದ್ದು, ಒಟ್ಟು ಎಷ್ಟು ಹಾಕಿದ್ದು, ಎಷ್ಟು ವಾಪಸ್ ಸಿಕ್ಕಿದವು ಎಂದು ಬರೆದುಕೊಂಡು, ಅದೇ ಪ್ಯಾಕೆಟ್ಟಿನ ಒಂದು ಬ್ಯಾಂಡನ್ನು ಜೊತೆಗೆ ಒಯ್ಯಿರಿ. ಮಕ್ಕಳಾದರೆ ಬೈಯದೆ ಕೇಳಿ. ಬೈದರೆ ‘ಹಾಕೇ ಇಲ್ಲ’ ಅನ್ನುತ್ತಾರೆ.

ಡಾಕ್ಟರು ಅಳತೆಯ ಕಡ್ಡಿಯಿಂದ ಒಸಡಿನ ಆಳ ನೋಡುತ್ತಾರೆ. ಆರೋಗ್ಯವಂತ ಒಸಡಿನಲ್ಲಿ ಅದು 1ರಿಂದ 3 ಮಿಲಿಮೀಟರ್. ಬ್ಯಾಂಡ್ ಒಸಡಿನ ಅಂಚಿನ ಹತ್ತಿರವೇ ಇದ್ದರೆ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಹಾಗೇ ತೆಗೆಯುತ್ತಾರೆ, ಆಳಕ್ಕೆ ಹೋಗಿದ್ದರೆ ಒಸಡನ್ನು ಬಿಡಿಸಿ ತೆಗೆಯಬೇಕು. ಆಮೇಲೆ ಅಲುಗಾಡುವ ಹಲ್ಲುಗಳನ್ನು ಪಕ್ಕದವುಗಳಿಗೆ ತಂತಿಯಿಂದ ಕಟ್ಟಿ, ತಿಂಗಳುಗಟ್ಟಲೆ ಕಾದು ನೋಡುತ್ತಾರೆ. ಬೇಗ ಸಿಕ್ಕರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಬೇರಿನ ತುದಿಯವರೆಗೂ ಹೋಗಿದ್ದರೆ ಎರಡೂ ಹಲ್ಲು ಕಳೆದುಕೊಂಡವರಿದ್ದಾರೆ.

ಸಂದಿ ಯಾಕೆ ಬಂತು ಎಂದು ಮೊದಲು ತಿಳಿಯಿರಿ

ಏಳೆಂಟು ವರ್ಷದ ಮಗುವಿನ ಮುಂಹಲ್ಲುಗಳ ನಡುವೆ ಸಂದಿ ಇರುವುದು ಬಹುಪಾಲು ಸಹಜ. 11-12ರ ಹೊತ್ತಿಗೆ ಕೋರೆಹಲ್ಲು ಇಳಿದು ಬಂದಾಗ ಹೆಚ್ಚಿನವು ತಾವೇ ಮುಚ್ಚುತ್ತವೆ. ಮುಚ್ಚದಿದ್ದರೆ ಕಾರಣ ಬೇರೆ ಇರುತ್ತದೆ. ಮೇಲ್ದುಟಿಯಿಂದ ಒಸಡಿಗೆ ಬರುವ ಪೊರೆ ದಪ್ಪಗಿದ್ದು ಹಲ್ಲುಗಳ ನಡುವೆ ಇಳಿದಿರಬಹುದು, ಮೂಳೆಯೊಳಗೆ ಒಂದು ಹೆಚ್ಚುವರಿ ಹಲ್ಲು ಅಡಗಿರಬಹುದು, ಪಕ್ಕದ ಹಲ್ಲು ತೀರ ಚಿಕ್ಕದಿರಬಹುದು, ನುಂಗುವಾಗ ನಾಲಿಗೆ ಹಲ್ಲನ್ನು ಮುಂದಕ್ಕೆ ತಳ್ಳುತ್ತಿರಬಹುದು. ಅಡಗಿದ ಹಲ್ಲು ಅಡ್ಡ ನಿಂತಿರುವಾಗ ಎಷ್ಟು ಎಳೆದರೂ ಸಂದಿ ಮುಚ್ಚುವುದಿಲ್ಲ. ಇನ್ನು 40 ದಾಟಿದವರಿಗೆ ಇಲ್ಲದ ಸಂದಿ ಹೊಸದಾಗಿ ಕಾಣಿಸಿಕೊಂಡರೆ ಅದು ಅಂದಚಂದದ ಮಾತಲ್ಲ, ಒಸಡಿನ ರೋಗದ ಗುರುತಾಗಿರಬಹುದು. ಅಂಥ ಹಲ್ಲಿಗೆ ಬ್ಯಾಂಡ್ ಹಾಕಿದರೆ ಉಳಿದ ಮೂಳೆಯೂ ಹೋಗುತ್ತದೆ.

ಅಂಚೆಯಲ್ಲಿ ಬರುವ ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ತೊಡುವ, ಹಲ್ಲು ಸರಿಸುವ ಪ್ಲಾಸ್ಟಿಕ್ ಕವಚ) ಕಿಟ್ಟುಗಳಲ್ಲಿ ಬ್ಯಾಂಡಿನಷ್ಟು ಅಪಾಯ ಇಲ್ಲ, ಆದರೆ ಎಕ್ಸ್‌ರೇ ಇಲ್ಲದೆ, ಒಸಡು ನೋಡದೆ ಹಲ್ಲು ಸರಿಸುವುದು ಅಲ್ಲೂ ತಪ್ಪೇ. ಒಂದೊಂದು ಅಲೈನರ್ ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರ್. ನಡುವೆ ಎಲ್ಲೋ ತಾಳ ತಪ್ಪಿದರೆ ಗುರುತಿಸಲು ಒಬ್ಬರು ಬಾಯೊಳಗೆ ನೋಡಲೇಬೇಕು. ಇಂಥ ಕಿಟ್ಟು ಮಾರುತ್ತಿದ್ದ ಅಮೆರಿಕದ ಕಂಪನಿ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಚಿಕಿತ್ಸೆ ಅರ್ಧಕ್ಕೆ ನಿಂತವರು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕಾಯಿತು.

ಕ್ಲಿಪ್ ಹಾಕಿಸಲು ಹೋಗುವಾಗ ಬಿಡಿಎಸ್ ನಂತರ 3 ವರ್ಷದ ಎಂಡಿಎಸ್ ಆರ್ಥೊಡಾಂಟಿಕ್ಸ್ (ಹಲ್ಲು ಸರಿಸುವ ವಿಷಯದ ಸ್ನಾತಕೋತ್ತರ ಪದವಿ) ಓದಿದವರೇ ಎಂದು ಕೇಳಿ, ಕೇಳುವುದರಲ್ಲಿ ಸಂಕೋಚವೇನಿಲ್ಲ. ಖರ್ಚಿನ ಚಿಂತೆಯಾದರೆ ಬೆಂಗಳೂರಿನ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜು, ಇಲ್ಲವೇ ಹತ್ತಿರದ ಖಾಸಗಿ ದಂತ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಹೊರಗಿನ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆಗೆ ಆಗುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಒಂದೆರಡು ಮಿಲಿಮೀಟರಿನ ಸಂದಿಗೆ ಕ್ಲಿಪ್ಪೇ ಬೇಕೆಂದಿಲ್ಲ. ಹಲ್ಲಿನ ಬಣ್ಣದ ಕಾಂಪೊಸಿಟ್ ಎಂಬ ಭರ್ತಿ ವಸ್ತು ಹಚ್ಚಿ ಒಂದೇ ಸಲಕ್ಕೆ ಮುಚ್ಚಲು ಬರುತ್ತದೆಯೇ ಎಂದು ಮೊದಲು ಕೇಳಿ.

ಕ್ಲಿಪ್ಪಿನಿಂದಲೇ ಮುಚ್ಚಿಸಿದರೆ, ನಡುವಿನ ಸಂದಿ ಮತ್ತೆ ಬಿಡುವುದರಲ್ಲಿ ಬಲು ಹಟಮಾರಿ. ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಸುಮಾರು ಒಂದು ವರ್ಷ ಬೇಕು. ಅದಕ್ಕೇ ಹಲ್ಲಿನ ಹಿಂದೆ ತೆಳು ತಂತಿ ಅಂಟಿಸುತ್ತಾರೆ. ಅದರ ಒಂದು ತುದಿ ಬಿಟ್ಟುಕೊಂಡರೆ ಕಣ್ಣಿಗಿಂತ ಮೊದಲು ನಾಲಿಗೆಗೆ ಗೊತ್ತಾಗುತ್ತದೆ. ನಾಲಿಗೆಗೆ ಚುಚ್ಚಿದ ವಾರದೊಳಗೇ ಹೋಗಿ ಮತ್ತೆ ಅಂಟಿಸಿಕೊಳ್ಳಿ.